ಅಂತೆ-ಕಂತೆಗಳ ಸೀಸನ್: ಬಾಸ್ ಯಾರು ಅನ್ನೋದು ಬಿಡಿ, ಹೈಕಮಾಂಡ್ ಯಾರು ಅಂತ ಕೇಳಿ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಫಾರ್ಮುಲಾ ಒನ್ ಸುದ್ದಿ ಓದ್ತಿದ್ದೆ. ಮಾರ್ಚ್‌ವರೆಗೆ ರೇಸ್ ಇಲ್ಲ. ಆದರೂ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ನಿಲ್ತಿಲ್ಲ. ಆ ತಂಡದ ಬಾಸ್ ಹೋಗ್ತಾನಂತೆ, ಈ ತಂಡದ ಎಂಜಿನಿಯರ್ ಅಲ್ಲಿಗೆ ಹಾರ್ತಾನಂತೆ, ಮಾತುಕತೆ ಮುಗಿದೇ ಹೋಗಿದೆಯಂತೆ.

ಪಕ್ಕದ ಸೀಟಿನಲ್ಲಿದ್ದ ಹಿರಿಯರೊಬ್ಬರು ಹಿಂದಿನ ಸೀಟಿನವರಿಗೆ ಹೇಳ್ತಿದ್ದರು: "ಫ್ಯಾಕ್ಟ್ರಿಗೆ ದುಡ್ಡು ಬರುತ್ತಂತೆ ಮಾರಾಯ್ರೆ."

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಿದಾರಲ್ಲ."

ಭದ್ರಾವತಿ ಬಸ್ಸಿನಲ್ಲಿ 'ಫ್ಯಾಕ್ಟ್ರಿ' ಅಂದರೆ ವಿಐಎಸ್ಎಲ್, ಅಂದರೆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ. ನನ್ನ ಫೋನಿನಲ್ಲೂ 'ಅಂತೆ', ಪಕ್ಕದ ಸೀಟಿನಲ್ಲೂ 'ಅಂತೆ'. ಕನ್ನಡದಲ್ಲಿ ಇದೊಂದು ಅನುಕೂಲ. ಮಾತಿನ ಕೊನೆಗೆ 'ಅಂತೆ' ಸೇರಿಸಿದರೆ ಹೇಳಿದವರ ಜವಾಬ್ದಾರಿ ಮುಗೀತು.

ಒಂದು ಕಡೆ ಕೋಟ್ಯಧಿಪತಿಗಳ ಆಟ, ಇನ್ನೊಂದು ಕಡೆ ಒಂದು ಊರಿನ ಅನ್ನ. ಎರಡನ್ನೂ ಒಟ್ಟಿಗೆ ಯಾಕೆ ತರ್ತಿದ್ದೀನಿ ಅಂತ ಕೇಳಬಹುದು. ಕಾರಣ ಇದೆ. ಈ ರೇಸಿನ ಲೋಕದಲ್ಲಿ ನಮ್ಮ ರಾಜ್ಯಕ್ಕೆ ನೇರ ಸಂಬಂಧ ಇದ್ದ ತಂಡವೊಂದಿತ್ತು. ಅದರ ಯಜಮಾನನನ್ನು ಕರ್ನಾಟಕದ ಶಾಸಕರು ಎರಡು ಸಲ ರಾಜ್ಯಸಭೆಗೆ ಕಳಿಸಿದ್ದರು. ಆ ತಂಡದ ಕತೆ ಸರಿಯಾಗಿ ಗೊತ್ತಾದರೆ, ಬಸ್ಸಿನಲ್ಲಿ ಕೇಳಿದ 'ಅಂತೆ'ಗೆ ಯಾವ ಪ್ರಶ್ನೆ ಹಾಕಬೇಕು ಅನ್ನೋದೂ ಗೊತ್ತಾಗುತ್ತೆ.

ರೇಸ್ ಇಲ್ಲದಾಗ ಏನು ನಡೆಯುತ್ತೆ?

ಎಫ್1 ನೋಡದವರಿಗೆ ಒಂದಿಷ್ಟು ಹಿನ್ನೆಲೆ. 2025ರ ಕೊನೆಯ ರೇಸ್ ಡಿಸೆಂಬರ್ 7ರಂದು ಅಬುಧಾಬಿಯಲ್ಲಿ ಮುಗೀತು. ಮುಂದಿನದು ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ. ನಡುವಿನ ಮೂರು ತಿಂಗಳು ಟ್ರ್ಯಾಕ್ ಮೇಲೆ ಸುದ್ದಿ ಇಲ್ಲ, ಆದರೆ ಆಫೀಸಿನೊಳಗೆ ಅಸಲಿ ಕೆಲಸ ನಡೆಯೋದೇ ಆಗ.

ಯಾಕೆ ಆಗಲೇ? ಮೊದಲನೆಯದು ಲೆಕ್ಕದ ಕಾರಣ. ವರ್ಷದ ಕೊನೆಗೆ ತಂಡ ಎಷ್ಟನೇ ಸ್ಥಾನದಲ್ಲಿದೆ ಅನ್ನೋದರ ಮೇಲೆ ಬಹುಮಾನದ ಪಾಲು ನಿಂತಿರುತ್ತೆ. ಸ್ಥಾನ ಜಾರಿದರೆ ಆದಾಯ ಜಾರುತ್ತೆ, ಯಾರದಾದರೂ ತಲೆ ಉರುಳುತ್ತೆ.

ಎರಡನೆಯದು 'ಗಾರ್ಡನಿಂಗ್ ಲೀವ್'. ಒಂದು ತಂಡ ಬಿಟ್ಟ ಎಂಜಿನಿಯರ್ ಮಾರನೇ ದಿನವೇ ಎದುರಾಳಿ ತಂಡ ಸೇರುವ ಹಾಗಿಲ್ಲ. ತಲೆಯಲ್ಲಿರುವ ಗುಟ್ಟು ಹಳತಾಗುವವರೆಗೆ ಸಂಬಳ ತಗೊಂಡು ಮನೆಯಲ್ಲಿ ಕೂರಬೇಕು. ಕಾರು ವಿನ್ಯಾಸದಲ್ಲಿ ದೊಡ್ಡ ಹೆಸರಾದ ಆಡ್ರಿಯನ್ ನ್ಯೂಯಿ ರೆಡ್‌ಬುಲ್ ಬಿಡ್ತಾರೆ ಅಂತ ಘೋಷಣೆಯಾಗಿದ್ದು 2024ರ ಮೇನಲ್ಲಿ. ಆಸ್ಟನ್ ಮಾರ್ಟಿನ್‌ನಲ್ಲಿ ಕೆಲಸ ಶುರು ಮಾಡಿದ್ದು 2025ರ ಮಾರ್ಚ್‌ನಲ್ಲಿ. ಹಾಗಾಗಿ ಇಂದಿನ ಗಾಳಿಸುದ್ದಿ ಮುಂದಿನ ವರ್ಷದ ಕಾರಿಗೆ ಸಂಬಂಧಿಸಿದ್ದು.

ಮೂರನೆಯದು ಖರ್ಚಿನ ಮಿತಿ. 2021ರಿಂದ ಒಂದು ತಂಡ ವರ್ಷಕ್ಕೆ ಇಷ್ಟೇ ಖರ್ಚು ಮಾಡಬೇಕು ಅಂತ ನಿಯಮ ಬಂತು. ಮೊದಲ ವರ್ಷದ ಮಿತಿ 14.5 ಕೋಟಿ ಡಾಲರ್. ಆದರೆ ಚಾಲಕರ ಸಂಬಳವೂ, ತಂಡದಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಮೂವರ ಸಂಬಳವೂ ಈ ಲೆಕ್ಕಕ್ಕೆ ಸೇರೋದಿಲ್ಲ. ಮೆಕ್ಯಾನಿಕ್‌ಗೆ ಕೊಡುವ ಪ್ರತಿ ಪೈಸೆಗೂ ಮಿತಿ ಇದೆ, ಮೇಲಿನ ಮೂವರಿಗೆ ಇಲ್ಲ. ಹಾಗಾಗಿ ಯಜಮಾನರು ಮೇಲಿನ ಕುರ್ಚಿಗಳಿಗೆ ದುಡ್ಡು ಸುರೀತಾರೆ, ನಾವು ಆ ಕುರ್ಚಿಗಳ ಬಗ್ಗೆಯೇ ಮಾತಾಡ್ತಾ ಇರ್ತೀವಿ.

ಕುರ್ಚಿ ಒಬ್ಬರದು, ಸಹಿ ಇನ್ನೊಬ್ಬರದು

ಪ್ರತಿ ತಂಡಕ್ಕೂ ಒಬ್ಬ 'ಟೀಮ್ ಪ್ರಿನ್ಸಿಪಾಲ್' ಇರ್ತಾರೆ. ಟಿವಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಸಿಟ್ಟು ಮಾಡಿಕೊಳ್ಳೋರು ಇವರೇ. ಕರ್ನಾಟಕದವರಿಗೆ ಇದನ್ನು ವಿವರಿಸೋದು ಸುಲಭ. ವರ್ಷವಿಡೀ 'ನವೆಂಬರ್ ಕ್ರಾಂತಿ' ಅಂತ ಕೇಳಿದವರು ನಾವು. ಟೀಮ್ ಪ್ರಿನ್ಸಿಪಾಲ್ ಅಂದರೆ ಮುಖ್ಯಮಂತ್ರಿ ಇದ್ದ ಹಾಗೆ. ತಂಡದ ಯಜಮಾನ ಅಂದರೆ ಹೈಕಮಾಂಡ್. ಕ್ಯಾಮೆರಾ ಒಬ್ಬರ ಮೇಲೆ, ತೀರ್ಮಾನ ಇನ್ನೊಬ್ಬರ ಕೈಯಲ್ಲಿ.

2022ರ ನವೆಂಬರ್ ಮಧ್ಯದಲ್ಲಿ ಫೆರಾರಿ ಒಂದು ಹೇಳಿಕೆ ಕೊಟ್ಟಿತು. ತಮ್ಮ ಪ್ರಿನ್ಸಿಪಾಲ್ ಮತ್ತಿಯಾ ಬಿನೊಟ್ಟೊ ಅವರನ್ನು ತೆಗೀತಾರೆ ಎಂಬ ಸುದ್ದಿಗೆ ಯಾವ ಆಧಾರವೂ ಇಲ್ಲ ಅಂತ. ಎರಡು ವಾರ ಕಳೀತು. ನವೆಂಬರ್ 29ರಂದು ಬಿನೊಟ್ಟೊ ರಾಜೀನಾಮೆ. ಡಿಸೆಂಬರ್ 12ಕ್ಕೆ ವಿಲಿಯಮ್ಸ್ ತಂಡದ ಬಾಸ್ ಹೊರಗೆ. 13ಕ್ಕೆ ಸೌಬರ್ ಬಿಟ್ಟು ಫ್ರೆಡ್ ವಾಸರ್ ಫೆರಾರಿಗೆ, ಮೆಕ್‌ಲಾರೆನ್ ಬಿಟ್ಟು ಆಂಡ್ರಿಯಾಸ್ ಸೈಡ್ಲ್ ಸೌಬರ್‌ಗೆ, ಮೆಕ್‌ಲಾರೆನ್‌ನಲ್ಲಿ ಆಂಡ್ರಿಯಾ ಸ್ಟೆಲ್ಲಾಗೆ ಬಡ್ತಿ. ಎರಡೇ ದಿನದಲ್ಲಿ ನಾಲ್ಕು ತಂಡಗಳ ಕುರ್ಚಿ ಅದಲುಬದಲು. ಅಲ್ಲಿ 'ಆಧಾರ ಇಲ್ಲ' ಅನ್ನೋ ಹೇಳಿಕೆಗೂ, ಇಲ್ಲಿ 'ನಾಯಕತ್ವ ಬದಲಾವಣೆ ಪ್ರಶ್ನೆಯೇ ಇಲ್ಲ' ಅನ್ನೋ ಹೇಳಿಕೆಗೂ ಒಂದೇ ತೂಕ.

ಕಪ್ ಗೆದ್ದರೂ ಕುರ್ಚಿ ಗಟ್ಟಿ ಇರೋದಿಲ್ಲ. 2005ರಿಂದ ರೆಡ್‌ಬುಲ್ ನಡೆಸಿದ ಕ್ರಿಶ್ಚಿಯನ್ ಹಾರ್ನರ್ 8 ಚಾಲಕ ಪ್ರಶಸ್ತಿ, 6 ತಂಡ ಪ್ರಶಸ್ತಿ ತಂದವರು. 2025ರ ಜುಲೈನಲ್ಲಿ ಸೀಸನ್ ನಡುವೆಯೇ ಅವರನ್ನು ಮನೆಗೆ ಕಳಿಸಿದರು. ಕಂಪನಿಯ 51% ಷೇರು ಥಾಯ್ಲೆಂಡಿನ ಯೂವಿಧ್ಯಾ ಕುಟುಂಬದ್ದು, 49% ಆಸ್ಟ್ರಿಯಾದ ಮಾರ್ಕ್ ಮಾಟೆಶಿಟ್ಸ್ ಅವರದ್ದು. ಹಾರ್ನರ್ ಎಷ್ಟೇ ದೊಡ್ಡವರಾದರೂ ಸಂಬಳದವರು.

ಹಾಗಂತ ಬಾಸ್ ಯಾರಾದರೇನು ಅನ್ನೋದೂ ತಪ್ಪು. ಸ್ಟೆಲ್ಲಾ ಬಂದ ಮೇಲೆ ಮೆಕ್‌ಲಾರೆನ್ 2024 ಮತ್ತು 2025ರಲ್ಲಿ ತಂಡ ಪ್ರಶಸ್ತಿ ಗೆದ್ದಿತು. ಒಳ್ಳೆಯ ನಾಯಕನಿಂದ ವ್ಯತ್ಯಾಸ ಆಗೇ ಆಗುತ್ತೆ. ಆದರೆ ಆ ನಾಯಕನಿಗೆ ಸಮಯ ಕೊಡೋದು, ದುಡ್ಡು ಕೊಡೋದು ಯಜಮಾನ. ಯಜಮಾನನ ಜೇಬು ತೂತಾದರೆ ಎಂಥ ನಾಯಕನೂ ಏನೂ ಮಾಡಲಾರ. ಇದಕ್ಕೆ ಉದಾಹರಣೆ ನಮ್ಮವರದ್ದೇ.

ಬಾಸ್ ಇಲ್ಲದೆ ನಾಲ್ಕನೇ ಸ್ಥಾನ

2007ರಲ್ಲಿ ಬೆಂಗಳೂರಿನ ಯುಬಿ ಸಮೂಹದ ವಿಜಯ್ ಮಲ್ಯ, ಡಚ್ ಪಾಲುದಾರರೊಂದಿಗೆ ಸೇರಿ ಸ್ಪೈಕರ್ ಎಂಬ ತಂಡವನ್ನು ಸುಮಾರು 8.8 ಕೋಟಿ ಯೂರೋಗೆ ಕೊಂಡರು. 2008ರಿಂದ ಅದು 'ಫೋರ್ಸ್ ಇಂಡಿಯಾ'. ಹೆಸರು ಇಂಡಿಯಾ, ಕಾರ್ಖಾನೆ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್. ಆಗ ಎಂಜಿನಿಯರಿಂಗ್ ಓದ್ತಿದ್ದ ನಮಗೆ ಅದೆಲ್ಲ ಲೆಕ್ಕಕ್ಕಿರಲಿಲ್ಲ. 2009ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು ಎರಡನೆಯವರಾಗಿ ಬಂದಾಗ ಕೇಸರಿ-ಬಿಳಿ-ಹಸಿರು ಬಳಿದ ಕಾರು ನೋಡಿ ಕುಣಿದವರಲ್ಲಿ ನಾನೂ ಒಬ್ಬ.

2011ರಲ್ಲಿ ಸಹಾರಾ ಸಮೂಹ 10 ಕೋಟಿ ಡಾಲರ್ ಕೊಟ್ಟು 42.5% ಪಾಲು ತಗೊಂಡಿತು. ಮರುವರ್ಷ ಏನಾಯ್ತು ನೋಡಿ. ತಿಂಗಳುಗಟ್ಟಲೆ ಸಂಬಳ ಸಿಗದೆ ಕಿಂಗ್‌ಫಿಶರ್ ಏರ್‌ಲೈನ್ಸ್ ಸಿಬ್ಬಂದಿ ಕೆಲಸ ನಿಲ್ಲಿಸಿದರು. 2012ರ ಅಕ್ಟೋಬರ್ 20ರಂದು ಆ ಏರ್‌ಲೈನ್ಸ್‌ನ ಪರವಾನಗಿ ಅಮಾನತಾಯ್ತು. ಎಂಟೇ ದಿನಕ್ಕೆ, ಅಕ್ಟೋಬರ್ 28ರಂದು, ಗ್ರೇಟರ್ ನೋಯ್ಡಾದಲ್ಲಿ ಇಂಡಿಯನ್ ಗ್ರ್ಯಾನ್ ಪ್ರಿ. ಅದೇ ಯಜಮಾನನ ರೇಸ್ ಕಾರು ಓಡಿತು. ನಮ್ಮ ಚರ್ಚೆ ಮಾತ್ರ ಮುಂದಿನ ವರ್ಷ ಆ ಕಾರಿಗೆ ಯಾವ ಚಾಲಕ ಬರ್ತಾನೆ ಅನ್ನೋದರ ಸುತ್ತ ಇತ್ತು.

2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು. ಬ್ಯಾಂಕುಗಳ ಬಾಕಿ ಬಡ್ಡಿ ಸೇರಿ 9,000 ಕೋಟಿ ರೂಪಾಯಿ ಆಸುಪಾಸು. ಏಪ್ರಿಲ್‌ನಲ್ಲಿ ಪಾಸ್‌ಪೋರ್ಟ್ ರದ್ದಾಯ್ತು. ಬ್ರಿಟನ್ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ, ಹಾಗಾಗಿ ಬೇರೆ ದೇಶದ ರೇಸ್‌ಗಳಿಗೂ ಹೋಗುವ ಹಾಗಿಲ್ಲ. ಮಲ್ಯ ಯಜಮಾನರೂ ಹೌದು, ಟೀಮ್ ಪ್ರಿನ್ಸಿಪಾಲೂ ಹೌದು. ಅಂದರೆ ಬಾಸ್ ಟ್ರ್ಯಾಕ್‌ನಲ್ಲೇ ಇಲ್ಲ.

ಆ ಎರಡು ವರ್ಷ, 2016 ಮತ್ತು 2017ರಲ್ಲಿ, ಫೋರ್ಸ್ ಇಂಡಿಯಾ ತನ್ನ ಇತಿಹಾಸದ ಅತ್ಯುತ್ತಮ ಫಲಿತಾಂಶ ಪಡೀತು. ಎರಡೂ ಸಲ ನಾಲ್ಕನೇ ಸ್ಥಾನ. ಅದಕ್ಕಿಂತ ಮುಂದಿದ್ದದ್ದು ಮರ್ಸಿಡಿಸ್, ಫೆರಾರಿ, ರೆಡ್‌ಬುಲ್ ಮಾತ್ರ. ಬಾಸ್ ಇಲ್ಲದಿದ್ದರೂ ಕೆಲಸಗಾರರು ಕೆಲಸ ಮಾಡಿದರು. ಯಜಮಾನನ ದುಡ್ಡು ನಿಂತಾಗ ಮಾತ್ರ ಎಲ್ಲ ನಿಂತುಹೋಗುವ ಸ್ಥಿತಿ ಬಂತು.

ಮೂವತ್ತು ದಿನ

2018ರ ಜುಲೈ 27, ಹಂಗೇರಿ ರೇಸಿನ ವಾರಾಂತ್ಯ. ಲಂಡನ್ ಹೈಕೋರ್ಟ್ ಫೋರ್ಸ್ ಇಂಡಿಯಾವನ್ನು ಆಡಳಿತಾಧಿಕಾರಿಗಳ ಕೈಗೆ ಒಪ್ಪಿಸಿತು. ಅರ್ಜಿಯ ಹಿಂದೆ ಇದ್ದವರು ತಂಡದ ಚಾಲಕ ಸೆರ್ಗಿಯೊ ಪೆರೆಜ್! ಅವರಿಗೂ ತಂಡದಿಂದ ದುಡ್ಡು ಬರಬೇಕಿತ್ತು.

ತನ್ನ ತಂಡದ ಮೇಲೆ ತಾನೇ ಯಾಕೆ ಕೋರ್ಟಿಗೆ ಹೋದರು? ಇಲ್ಲಿ ಒಂದು ಕಾನೂನಿನ ವ್ಯತ್ಯಾಸ ಇದೆ. ಬೇರೆ ಸಾಲಗಾರರು ಕಂಪನಿ ಮುಚ್ಚಿಸುವ ಅರ್ಜಿ ಹಾಕಿದ್ದರೆ ಯಂತ್ರ, ಕಾರು, ಕಟ್ಟಡ ಹರಾಜಾಗ್ತಿತ್ತು, ಎಲ್ಲರ ಕೆಲಸ ಹೋಗ್ತಿತ್ತು. 'ಅಡ್ಮಿನಿಸ್ಟ್ರೇಷನ್' ಅಂದರೆ ಹಾಗಲ್ಲ. ಯಜಮಾನನ ಕೈಯಿಂದ ಕೀಲಿ ಕಿತ್ತುಕೊಂಡು ಕೋರ್ಟ್ ನೇಮಿಸಿದವರಿಗೆ ಕೊಡ್ತಾರೆ. ಅವರು ಕಂಪನಿ ಓಡಿಸುತ್ತಲೇ ಹೊಸಬರನ್ನು ಹುಡುಕಬೇಕು. ಎರಡೇ ದಿನಕ್ಕೆ ಹಂಗೇರಿಯಲ್ಲಿ ಕಾರುಗಳು ಓಡಿದವು.

ಆಗಸ್ಟ್ ಮೊದಲ ವಾರ ಮುಗಿಯೋದರೊಳಗೆ ಕೆನಡಾದ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ಗುಂಪಿನ ಹೆಸರು ಪ್ರಕಟವಾಯ್ತು. 405 ಜನರ ಕೆಲಸ ಉಳಿಯುತ್ತೆ, ಸಾಲಗಾರರಿಗೆ ಪೂರ್ತಿ ಹಣ ಸಿಗುತ್ತೆ ಅಂತ ಆಡಳಿತಾಧಿಕಾರಿಗಳು ಹೇಳಿದರು. ಆದರೆ ಷೇರು ಮಾರೋದಕ್ಕೆ ತೊಡಕಿತ್ತು. ಮಲ್ಯರ ಷೇರುಗಳ ಮೇಲೆ ಭಾರತದ ಬ್ಯಾಂಕುಗಳ ಹಿಡಿತ ಇತ್ತು, ಅವುಗಳ ಒಪ್ಪಿಗೆ ಸಿಗಲಿಲ್ಲ. ಹಾಗಾಗಿ ಕಂಪನಿ ಬಿಟ್ಟು ಅದರ ಆಸ್ತಿ ಮಾತ್ರ ಮಾರಿದರು. ಕಾಗದದ ಮೇಲೆ ಅದು ಹೊಸ ತಂಡ. ಅಲ್ಲಿವರೆಗೆ ಗಳಿಸಿದ 59 ಪಾಯಿಂಟ್ ಹೋಯ್ತು. ಆಗಸ್ಟ್ 26ಕ್ಕೆ, ಅರ್ಜಿಯಾಗಿ ಸರಿಯಾಗಿ ಮೂವತ್ತು ದಿನಕ್ಕೆ, ಸೊನ್ನೆಯಿಂದ ಶುರು ಮಾಡಿದ ಅದೇ ಜನ ಅದೇ ಕಾರುಗಳನ್ನು ಸ್ಪಾದಲ್ಲಿ 5 ಮತ್ತು 6ನೇ ಸ್ಥಾನಕ್ಕೆ ತಂದರು.

ಇದನ್ನು ಸುಖಾಂತ್ಯ ಅಂತ ಮುಗಿಸಿಬಿಡೋಕಾಗಲ್ಲ. ಬಿಡ್ಡಿಂಗ್‌ನಲ್ಲಿ ಸೋತ ರಷ್ಯಾದ ಉರಾಲ್ಕಾಲಿ ಕಂಪನಿ, ಮಾರಾಟ ನಡೆದ ರೀತಿ ಸರಿಯಿಲ್ಲ ಅಂತ ಕೋರ್ಟಿಗೆ ಹೋಯ್ತು. ಅದೇ ಚಳಿಗಾಲದಲ್ಲಿ ಎಸ್ತೆಬನ್ ಓಕಾನ್ ಸೀಟು ಕಳಕೊಂಡರು, ಆ ಜಾಗಕ್ಕೆ ಲ್ಯಾನ್ಸ್ ಸ್ಟ್ರೋಲ್ ಬಂದರು. ಮೆಕ್ಯಾನಿಕ್‌ನ ಮಗನ ಸೀಟು ಯಜಮಾನನ ಮಗನಿಗೆ. ಕುಟುಂಬ ರಾಜಕಾರಣದ ಬಗ್ಗೆ ನಮಗೆ ಯಾರೂ ಪಾಠ ಹೇಳಬೇಕಿಲ್ಲ.

405 ಜನರನ್ನು ಉಳಿಸಿಕೊಂಡಿದ್ದು ಪ್ರೀತಿಯಿಂದಲೂ ಅಲ್ಲ. ರೇಸ್ ತಂಡದ ಬೆಲೆ ಇರೋದೇ ಆ ಜನರ ತಲೆಯಲ್ಲಿ. ಅವರು ಹೋದರೆ ಕೊಂಡವರಿಗೆ ಉಳಿಯೋದು ಶೆಡ್ ಮಾತ್ರ.

ಆ ತಂಡವೇ ಈಗಿನ ಆಸ್ಟನ್ ಮಾರ್ಟಿನ್. 2022ರ ಜನವರಿಯಲ್ಲಿ ಜಾಫ್ನಾವರ್ ಹೋಗಿ ಕ್ರಾಕ್ ಬಂದರು. 2025ರ ಜನವರಿಯಲ್ಲಿ ಕ್ರಾಕ್ ಇಳಿದು ಕೋವೆಲ್ ಬಂದರು. 2025ರ ನವೆಂಬರ್‌ನಲ್ಲಿ ಘೋಷಣೆಯಾದಂತೆ 2026ಕ್ಕೆ ನ್ಯೂಯಿ. ಬಾಸ್‌ಗಳು ಸಾಲಾಗಿ ಬದಲಾದರು. ಬದಲಾಗದ ಹೆಸರು ಒಂದೇ, ಸ್ಟ್ರೋಲ್.

ಭದ್ರಾವತಿಯ ಹೈಕಮಾಂಡ್ ಎಲ್ಲಿದೆ?

ಈಗ ಬಸ್ಸಿಗೆ ವಾಪಸ್ ಬರೋಣ. ಮೈಸೂರು ಸರ್ಕಾರ 1918ರಲ್ಲಿ ಆರಂಭಿಸಿದ ಈ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾಗಿದ್ದು 1923ರಲ್ಲಿ. ಆರಂಭದಲ್ಲೇ ನಷ್ಟ, ಟೀಕೆ. ಆಗಲೂ ಒಂದು 'ಮ್ಯಾನೇಜ್‌ಮೆಂಟ್ ಬದಲಾವಣೆ' ಆಯ್ತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. 1929ರವರೆಗೆ ಅವರು ಅಲ್ಲಿದ್ದರು. ಅವರ ಸಾಮರ್ಥ್ಯದ ಬಗ್ಗೆ ಎಲ್ಲರೂ ಮಾತಾಡ್ತೀವಿ. ಜೊತೆಗಿದ್ದ ಇನ್ನೊಂದು ಸಂಗತಿ ಮರೀತೀವಿ. ಮಂಡಳಿಯ ಹತ್ತಿರ ತೀರ್ಮಾನ ತಗೊಳ್ಳುವ ಅಧಿಕಾರ ಇತ್ತು, ಯಜಮಾನ ಮೈಸೂರಿನಲ್ಲೇ ಇದ್ದ.

1989ರಲ್ಲಿ ಕಾರ್ಖಾನೆ ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರ, ಅಂದರೆ ಸೈಲ್‌ನ ಕೈಗೆ ಹೋಯ್ತು. 1998ರಲ್ಲಿ ಸೈಲ್‌ನಲ್ಲೇ ವಿಲೀನವಾಯ್ತು. ಇದರ ಅರ್ಥ ಬಹಳ ಜನರಿಗೆ ಗೊತ್ತಿಲ್ಲ. ವಿಐಎಸ್ಎಲ್ ಈಗ ಪ್ರತ್ಯೇಕ ಕಂಪನಿಯೇ ಅಲ್ಲ, ಒಂದು ಘಟಕ. ಅದಕ್ಕೆ ಸ್ವಂತ ನಿರ್ದೇಶಕ ಮಂಡಳಿ ಇಲ್ಲ. ಭದ್ರಾವತಿಯಲ್ಲಿ ಕೂರುವ ಮುಖ್ಯ ಅಧಿಕಾರಿ ಟೀಮ್ ಪ್ರಿನ್ಸಿಪಾಲ್ ಇದ್ದ ಹಾಗೆ. ತೀರ್ಮಾನ ಆಗೋದು ದೆಹಲಿಯಲ್ಲಿ: ಸೈಲ್ ಮಂಡಳಿ, ಉಕ್ಕು ಸಚಿವಾಲಯ, ಮಾರಾಟದ ವಿಷಯ ಬಂದರೆ ಹಣಕಾಸು ಸಚಿವಾಲಯದ ಷೇರು ವಿಕ್ರಯ ಇಲಾಖೆ.

ತಾರೀಕುಗಳನ್ನು ಸಾಲಾಗಿ ಇಟ್ಟು ನೋಡಿ. 2016ರಲ್ಲಿ ಮಾರಾಟಕ್ಕೆ ಕೇಂದ್ರದ ತಾತ್ವಿಕ ಒಪ್ಪಿಗೆ. 2019ರ ಜುಲೈನಲ್ಲಿ ಕೊಳ್ಳುವವರಿಗೆ ಆಹ್ವಾನ. 2022ರ ಅಕ್ಟೋಬರ್‌ನಲ್ಲಿ ಬಿಡ್ಡರ್‌ಗಳಿಗೆ ಆಸಕ್ತಿ ಇಲ್ಲ ಅಂತ ಆ ಪ್ರಕ್ರಿಯೆಯೇ ರದ್ದು. 2023ರ ಜನವರಿ 16ರಂದು ಮುಚ್ಚೋದಕ್ಕೆ ಸೈಲ್ ಮಂಡಳಿ ಒಪ್ಪಿಗೆ. ಬೆನ್ನಲ್ಲೇ ಗುತ್ತಿಗೆ ಕಾರ್ಮಿಕರ ಧರಣಿ. ಮೇನಲ್ಲಿ ವಿಧಾನಸಭಾ ಚುನಾವಣೆ. ಆಗಸ್ಟ್‌ನಲ್ಲಿ ಉತ್ಪಾದನೆ ಭಾಗಶಃ ಮತ್ತೆ ಶುರು. 2024ರ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿ ಉಕ್ಕು ಸಚಿವರಾದರು, ಭದ್ರಾವತಿಗೂ ಬಂದರು, ಪುನಶ್ಚೇತನದ ಮಾತಾಡಿದರು. ಅಲ್ಲಿಂದ ಸಾವಿರಾರು ಕೋಟಿಯ ಅಂಕಿಗಳು ಊರಲ್ಲಿ ತಿರುಗಾಡ್ತಿವೆ.

ಅಲ್ಲಿ ಮೂವತ್ತು ದಿನ, ಇಲ್ಲಿ ಸುಮಾರು ಹತ್ತು ವರ್ಷ. ಈ ಹೋಲಿಕೆಯನ್ನು ಜಾಸ್ತಿ ಎಳೆಯಬಾರದು, ನನಗೂ ಗೊತ್ತು. ಉಕ್ಕಿನ ಕಾರ್ಖಾನೆಗೆ ಅದಿರು ಬೇಕು, ಸ್ವಂತ ಗಣಿ ಇಲ್ಲ ಅನ್ನೋದು ಭದ್ರಾವತಿಯ ಹಳೇ ಸಂಕಟ. ರೈಲ್ವೆ, ರಕ್ಷಣೆ, ವಾಹನ ಉದ್ಯಮಕ್ಕೆ ಬೇಕಾಗುವ ವಿಶೇಷ ಉಕ್ಕು ಮಾಡಿದ ಅನುಭವ ಇದ್ದರೂ ಯಂತ್ರಗಳು ಹಳೆಯವು. ಅದನ್ನು ಒಂದು ತಿಂಗಳಲ್ಲಿ ಯಾವ ಕೋರ್ಟೂ ಸರಿಮಾಡಲ್ಲ. ಯಾರಾದರೂ ಕೋಟ್ಯಧಿಪತಿ ಬಂದು ಕೊಂಡುಕೊಳ್ಳಲಿ ಅನ್ನೋದೂ ನನ್ನ ವಾದ ಅಲ್ಲ. ಮಲ್ಯ ಕೂಡ ಕೋಟ್ಯಧಿಪತಿಯೇ ಆಗಿದ್ದರು.

ಹೋಲಿಸಬೇಕಾದ್ದು ಬೇರೆ. ಸಿಲ್ವರ್‌ಸ್ಟೋನ್‌ನಲ್ಲಿ ತೀರ್ಮಾನ ಯಾರ ಕೈಯಲ್ಲಿದೆ ಅಂತ ಮೊದಲ ದಿನವೇ ಎಲ್ಲರಿಗೂ ಗೊತ್ತಿತ್ತು. ಎಷ್ಟು ಜನರ ಕೆಲಸ ಪಣಕ್ಕಿದೆ ಅನ್ನೋದಕ್ಕೆ ಒಂದು ಸಂಖ್ಯೆ ಇತ್ತು, ಆ ಸಂಖ್ಯೆಯನ್ನು ಎಲ್ಲರೂ ಒಪ್ಪಿದ್ದರು. ಭದ್ರಾವತಿಯಲ್ಲಿ ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ವರ್ಷಗಳಿಂದ ದುಡಿದವರು. ಕಾಗದದಲ್ಲಿ ಅವರು ಗುತ್ತಿಗೆದಾರರ ನೌಕರರು. ಕಾರ್ಖಾನೆ ಉಳಿಯಿತು ಅಂತ ಘೋಷಣೆಯಾದ ದಿನವೂ ತಮ್ಮ ಕೆಲಸ ಉಳಿಯಿತಾ ಅಂತ ಅವರು ಬೇರೆಯಾಗಿ ಕೇಳಿಕೊಳ್ಳಬೇಕು.

ಇದೇ ಊರಿನ ಕಾಗದ ಕಾರ್ಖಾನೆ ಎಂಪಿಎಂ 2015ರಲ್ಲಿ ನಿಂತಿತು. ಅದರ ಯಜಮಾನ ರಾಜ್ಯ ಸರ್ಕಾರ. ಹಾಗಾಗಿ ಇದನ್ನು ಬರೀ ದೆಹಲಿ ಮೇಲೆ ಹಾಕಿ ಬೆಂಗಳೂರಿನವರು ಕೈ ತೊಳೆದುಕೊಳ್ಳುವ ಹಾಗಿಲ್ಲ.

ಮುಂದಿನ 'ಅಂತೆ' ಬಂದಾಗ

ಗಾಸಿಪ್ ಓದಬೇಡಿ ಅಂತ ಹೇಳಲ್ಲ, ನಾನೇ ಓದ್ತೀನಿ. ಓದಿದ ಮೇಲೆ ನಾಲ್ಕು ಪ್ರಶ್ನೆ ಕೇಳಿ. ಸಹಿ ಹಾಕುವವರು ಯಾರು? ಅವರ ಮೇಲೆ ಯಾರ ಸಾಲ ಇದೆ? ತಾರೀಕು ಯಾವುದು? ಯಾರ ಹೆಸರು ಪಟ್ಟಿಯಲ್ಲಿಲ್ಲ?

ಉತ್ತರ ಹುಡುಕೋದು ಕಷ್ಟ ಏನಲ್ಲ. ಬ್ರಿಟನ್ನಿನ ರೇಸ್ ತಂಡಗಳು ತಮ್ಮ ಲೆಕ್ಕಪತ್ರ, ನಿರ್ದೇಶಕರ ಹೆಸರು ಎಲ್ಲವನ್ನೂ ಸರ್ಕಾರಿ ನೋಂದಣಿಯಲ್ಲಿ ಸಲ್ಲಿಸಬೇಕು, ಯಾರು ಬೇಕಾದರೂ ನೋಡಬಹುದು. 2018ರಲ್ಲಿ ತಂಡ ಕೋರ್ಟಿಗೆ ಹೋಗುವ ಮೊದಲೇ ಮಲ್ಯ ನಿರ್ದೇಶಕ ಸ್ಥಾನ ಬಿಟ್ಟು ಮಗನನ್ನು ಕೂರಿಸಿದ್ದರು. ಅದು ಸುಳಿವು. ಸೈಲ್ ಷೇರುಪೇಟೆಯಲ್ಲಿರುವ ಕಂಪನಿ. ಹೂಡಿಕೆಯಾಗಲಿ, ಮುಚ್ಚೋದಾಗಲಿ, ದೊಡ್ಡ ತೀರ್ಮಾನ ಮಾಡಿದರೆ ಷೇರುಪೇಟೆಗೆ ಬರೆದು ತಿಳಿಸಲೇಬೇಕು. ಅಲ್ಲಿ ಕಾಣದ ಹೂಡಿಕೆ ಭಾಷಣದಲ್ಲಿ ಎಷ್ಟು ಸಲ ಬಂದರೂ ಅದು ಇನ್ನೂ 'ಅಂತೆ'ಯೇ. ಸಂಸತ್ತಿನಲ್ಲಿ ಶಿವಮೊಗ್ಗದ ಸಂಸದರು ಪ್ರಶ್ನೆ ಕೇಳಬಹುದು, ಮಾಹಿತಿ ಹಕ್ಕಿನಲ್ಲಿ ನೀವೂ ಕೇಳಬಹುದು.

ಬಸ್ಸು ಭದ್ರಾವತಿ ಮುಟ್ಟುವಾಗ ಆ ಹಿರಿಯರು ನನ್ನ ಕಡೆ ತಿರುಗಿ, "ನೀವು ಪೇಪರಿನವರಾ? ದುಡ್ಡು ಬರೋದು ನಿಜವಾ?" ಅಂದರು.

"ಯಾವ ಬೋರ್ಡ್ ಮೀಟಿಂಗಿನಲ್ಲಿ, ಯಾವ ತಾರೀಕಿಗೆ ಅಂತ ಹೇಳಿದವರನ್ನೇ ಕೇಳಿ ಸರ್" ಅಂದೆ.

"ಕೇಳಿದೀನಪ್ಪ" ಅಂದರು. "ಇನ್ನೇನು ಆಗೇಬಿಡುತ್ತಂತೆ."